ಬಿಸಿಲಿಗೆ ಒಣಹಾಕಿದ ನೂರಾರು ವರ್ಷ

ನನ್ನ ಮೊಮ್ಮಗಳು ಪಿಎಚ್.ಡಿ. ಪಾಸಾದಳು! ಕಳೆದ ಗುರುವಾರ ಮಧ್ಯಾಹ್ನ, ದೊಡ್ಡ ದೊಡ್ಡ ಪ್ರೊಫೆಸರುಗಳೆಲ್ಲ ಕೂತ ಹಾಲಿನಲ್ಲಿ, ನನ್ನ ಕಣ್ಣೆದುರಿಗೇ. ಇನ್ನು ಮೇಲೆ ಅವಳ ಹೆಸರಿನ ಹಿಂದೆ ಡಾಕ್ಟರ್ ಅಂತ ಸೇರಿಸಿ ಬರೆಯಬೇಕು. ಆವತ್ತಿನಿಂದ ಎದುರಿಗೆ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ತರಕಾರಿ ಗಾಡಿಯ ಭಯ್ಯಾನಿಗೂ ಹೇಳಿದೆ.

"ಯಾವುದರ ಡಾಕ್ಟರ್, ಮಾತಾಜೀ?" ಎಂದ ಅವನು.

"ಹಿಂದಿನ ಕಾಲದಲ್ಲಿ ಎಷ್ಟು ಚಳಿಯಿತ್ತು, ಎಷ್ಟು ಸೆಕೆಯಿತ್ತು ಅಂತ ಮರ ನೋಡಿ ಹೇಳ್ತಾಳೆ" ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ.

"ಅಚ್ಛಾ! ಹಾಗಾದರೆ ಈ ಸಲದ ಚಳಿ ಹೇಗಿರುತ್ತೆ ಕೇಳಿ. ಬಟಾಣಿ ಎಷ್ಟು ತರಬೇಕು ಅಂತ ನನಗೂ ಗೊತ್ತಾಗಲಿ."

"ಬರೋ ಚಳಿ ಅವಳ ಕೆಲಸ ಅಲ್ಲಪ್ಪ, ಆಗಿಹೋದದ್ದು ಮಾತ್ರ" ಎಂದೆ. ಆಗಿಹೋದ ಚಳಿ ಕಟ್ಟಿಕೊಂಡು ಏನು ಮಾಡುತ್ತಾರೆ ಎಂಬಂತೆ ಅವನು ನನ್ನನ್ನು ನೋಡಿದ. ಆದರೂ ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದ.

ನಾನು ಇಷ್ಟೊಂದು ಹಿಗ್ಗುವುದಕ್ಕೆ ಕಾರಣವಿದೆ. ಈ ಪಿಎಚ್.ಡಿ. ಕೈತಪ್ಪಿ ಹೋಗುವ ಹಾಗೆ ಮಾಡಿದ್ದವಳೂ ನಾನೇ. ಎರಡೂವರೆ ವರ್ಷದಿಂದ ಅದೊಂದು ಕಲ್ಲು ನನ್ನ ಎದೆಯ ಮೇಲೆ ಕೂತಿತ್ತು. ಅದನ್ನು ಮುಚ್ಚಿಡದೆ ಬರೆಯುತ್ತೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹಾಸನದ ಕಡೆಯವಳು. ಮದುವೆಯಾಗಿ ದಿಲ್ಲಿಗೆ ಬಂದೆ. ನಮ್ಮ ಮನೆಯವರು ಇಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮೊದಲು ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು, ಅವರು ನಿವೃತ್ತರಾದ ಮೇಲೆ ರೋಹಿಣಿಯ ಈ ಫ್ಲ್ಯಾಟಿಗೆ ಬಂದೆವು. ಮಗನಿಗೆ ನೋಯ್ಡಾದಲ್ಲಿ ಕೆಲಸ, ಸೊಸೆ ಶಾಲೆಯಲ್ಲಿ ಟೀಚರ್. ಅವರಿಬ್ಬರೂ ಬೆಳಿಗ್ಗೆ ಹೊರಟರೆ ಸಂಜೆಯೇ ಬರುತ್ತಿದ್ದದ್ದು. ಹಾಗಾಗಿ ಮೊಮ್ಮಗಳು ಬೆಳೆದದ್ದು ನನ್ನ ಸೊಂಟದ ಮೇಲೆ. ಅವಳ ಕನ್ನಡ ನನ್ನದೇ, ಆದರೆ ಅರ್ಧ ದಾರಿಗೆ ಹೋಗಿ ಹಿಂದಿಯ ಕಡೆ ತಿರುಗಿಬಿಡುತ್ತದೆ.

ಅವಳು ಈ ಮರದ ಓದಿಗೆ ಸೇರಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಒಂದು ದಿನ ಅಡುಗೆಮನೆಗೆ ಬಂದು, ಈರುಳ್ಳಿಯನ್ನು ಅಡ್ಡ ಕತ್ತರಿಸಿ ನನ್ನ ಮುಂದೆ ಹಿಡಿದಳು.

"ನೋಡಜ್ಜಿ, ಈ ಥರ ಸುತ್ತು ಸುತ್ತು ಮರದೊಳಗೂ ಇರುತ್ತೆ. ಒಂದು ಸುತ್ತು ಅಂದ್ರೆ ಒಂದು ವರ್ಷ. ಪರ್ವತದ ಮೇಲೆ, ಅಲ್ಲಿಂದಾಚೆ ಮರಾನೇ ಇಲ್ಲ ಅನ್ನೋ ಜಾಗದಲ್ಲಿ, ಬೇಸಿಗೆ ಬೆಚ್ಚಗಿದ್ರೆ ಸುತ್ತು ದಪ್ಪ. ಬೇಸಿಗೇಲೂ ಚಳಿ ಹೊಡೆದ್ರೆ ಸುತ್ತು ಏಕ್‌ದಮ್ ಸಣ್ಣ."

"ಕೆಳಗಿನ ಮರಕ್ಕೆ?"

"ಕೆಳಗಿನ ಮರಕ್ಕೆ ಜಾಸ್ತಿ ನೀರಿನ ಚಿಂತೆ. ಚಳಿಯ ಲೆಕ್ಕ ಬೇಕಂದ್ರೆ ಮೇಲೇ ಹತ್ತಬೇಕು."

"ಅದಕ್ಕೆ ಮರ ಕಡೀತೀರಾ? ಪಾಪ ಅಲ್ವೇನೇ?"

"ಛೇ, ಕಡಿಯೋದು ಯಾಕೆ? ಪೊಳ್ಳು ಬೈರಿಗೆ ಹಾಕಿ ಪೆನ್ಸಿಲ್‌ನಷ್ಟು ತೆಳ್ಳಗಿನ ಕಡ್ಡಿ ತೆಗೀತೀವಿ. ಮರಕ್ಕೆ ಏನೂ ಆಗಲ್ಲ. ನೀನು ರಕ್ತ ಪರೀಕ್ಷೆಗೆ ಕೊಡಲ್ವಾ, ಹಾಗೆ."

ಆ ಈರುಳ್ಳಿ ಹುಳಿಗೆ ಹೋಯಿತು. ವಿಷಯ ನನ್ನ ತಲೆಗೆ ಹೋಯಿತು.

ಇನ್ನೊಂದು ಸಲ ನನ್ನನ್ನೇ ಪರೀಕ್ಷೆ ಮಾಡಿದಳು. "ಅಜ್ಜಿ, ನೀನು ದಿಲ್ಲಿಗೆ ಬಂದ ಹೊಸದರಲ್ಲಿ ಅಟ್ಟದಿಂದ ರಜಾಯಿ ಯಾವಾಗ ಇಳಿಸ್ತಿದ್ದೆ?"

"ದೀಪಾವಳಿ ಕಳೆದ ಕೂಡಲೇ" ಎಂದೆ.

ಪೇಪರ್ ಓದುತ್ತಿದ್ದ ನಮ್ಮ ಮನೆಯವರು ತಲೆಯೆತ್ತದೆ, "ಸುಳ್ಳು. ಮೊದಲನೇ ವರ್ಷ ದಸರೆಗೇ ಇಳಿಸಿದ್ದಳು. ಒಳಗೆ ಸೇರ್ಕೊಂಡು ಮೂಗು ಮಾತ್ರ ಹೊರಗಿಟ್ಟಿದ್ದಳು" ಎಂದರು.

"ನೀವು ಕಂಡ್ರಾ? ಆಗ ನೀವು ಆಫೀಸಿನಲ್ಲಿದ್ರಿ."

"ಮೂಗು ಕಂಡಿದ್ದೆ."

ಹುಡುಗಿ ನಕ್ಕೂ ನಕ್ಕೂ ಸುಸ್ತಾದಳು. "ನೋಡು, ಒಂದೇ ಮನೆ, ಒಂದೇ ರಜಾಯಿ, ಇಬ್ಬರದ್ದೂ ಬೇರೆ ಬೇರೆ ಜ್ಞಾಪಕ! ಇಸೀಲಿಯೇ, ಅದಕ್ಕೇ ಮರ ಬೇಕು. ಮರ ಜಗಳ ಆಡಲ್ಲ."

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಅದು ಮೇ ತಿಂಗಳು. ಅವಳು ಮೂರು ವಾರ ಹಿಮಾಲಯದಲ್ಲಿದ್ದು, ಶನಿವಾರ ಬೆಳಿಗ್ಗೆ ಬಸ್ಸಿಳಿದು ನೇರವಾಗಿ ಮನೆಗೆ ಬಂದಳು. ಬೆನ್ನ ಚೀಲದಲ್ಲಿ ಒಂದು ಉದ್ದನೆಯ ಡಬ್ಬಿ. ಅದರ ತುಂಬ ಎಳನೀರಿಗೆ ಹಾಕುವಂಥ ಸ್ಟ್ರಾಗಳು. ಒಂದೊಂದು ಸ್ಟ್ರಾದಲ್ಲೂ ಒಂದೊಂದು ಮರದ ಕಡ್ಡಿ, ಮೇಲೆ ಪೆನ್ನಿನಲ್ಲಿ ಬರೆದ ನಂಬರು. ಕಾಲೇಜು ತೆರೆಯುವುದು ಸೋಮವಾರ. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಅಜ್ಜಿ, ಇದು ನನ್ನ ಪ್ರಾಣ" ಎಂದು ಹೇಳಿ, ಸ್ನಾನ ಮಾಡಿ, ಎರಡು ತುತ್ತು ತಿಂದು ಮಲಗಿಬಿಟ್ಟಳು.

ಪ್ರಾಣ ಎಂದಳಲ್ಲ, ನಾನು ಕಾಪಾಡಲು ಹೊರಟೆ. ಡಬ್ಬಿ ತೆರೆದರೆ ಮುಗ್ಗಲು ವಾಸನೆ! ಕಡ್ಡಿಗಳೆಲ್ಲ ಹಸಿ ಹಸಿ, ಸ್ಟ್ರಾದ ಒಳಮೈಗೆ ನೀರು ಬೆವೆತಿತ್ತು. ಒಂದೆರಡರ ತುದಿಯಲ್ಲಿ ಬೂಷ್ಟೂ ಕಂಡಿತು. ಅವತ್ತು ಟೆರೇಸಿನಲ್ಲಿ ನಾನು ಸಬ್ಬಕ್ಕಿ ಸಂಡಿಗೆ ಹಾಕಿದ್ದೆ. ಹಸಿ ಪದಾರ್ಥ ಕಂಡರೆ ಬಿಸಿಲಿಗೆ ಹಾಕುವುದು ನನ್ನ ಕೈಗೆ ಬಂದ ಬುದ್ಧಿ. ಕಡ್ಡಿಗಳನ್ನೆಲ್ಲ ಮೇಲಕ್ಕೆ ಒಯ್ದು, ಹಳೆಯ ಸೀರೆ ಹಾಸಿ, ಸಂಡಿಗೆಯ ಪಕ್ಕದಲ್ಲೇ ಹರವಿದೆ. ಒಂದು ಎಚ್ಚರ ಮಾತ್ರ ಇತ್ತು. ಯಾವ ಸ್ಟ್ರಾದ ಕಡ್ಡಿಯೋ ಆ ಸ್ಟ್ರಾವನ್ನು ಅದರ ಪಕ್ಕದಲ್ಲೇ ಇಟ್ಟು, ಹಾರದ ಹಾಗೆ ಮೇಲೊಂದು ಬೆಣಚುಕಲ್ಲು ಇಟ್ಟೆ. ಓದಿದವರು ಬರೆದಿಟ್ಟ ನಂಬರನ್ನು ಕಲಸಬಾರದು ಎನ್ನುವಷ್ಟು ನನಗೂ ಗೊತ್ತು.

ದಿಲ್ಲಿಯ ಮೇ ತಿಂಗಳ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಸಂಡಿಗೆ ಗರಿಗರಿ. ಕಡ್ಡಿಗಳು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಆಕಾರ ಕೆಟ್ಟು ತಿರುಚಿಕೊಂಡಿದ್ದವು. ಒಂದು ಸೀಳಿತ್ತು. ಇನ್ನೊಂದು ಮೂರು ತುಂಡಾಗಿತ್ತು.

ಅವಳು ಎದ್ದು, ಡಬ್ಬಿ ಹುಡುಕಿ, ಟೆರೇಸಿಗೆ ಓಡಿ ಬಂದಳು. ಕೂಗಾಡುತ್ತಾಳೆ ಅಂದುಕೊಂಡೆ. ಕೂಗಲಿಲ್ಲ. ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತೇ ಇದ್ದಳು.

"ಅಜ್ಜಿ, ಇವನ್ನ ನೆರಳಲ್ಲಿ ನಿಧಾನಕ್ಕೆ ಒಣಗಿಸ್ಬೇಕು. ಬೇಗ ಒಣಗಿದ್ರೆ ತಿರುಚ್ಕೊಳ್ಳುತ್ತೆ. ಸುತ್ತು ಅಳೆಯೋಕೇ ಆಗಲ್ಲ."

"ಇನ್ನೊಂದು ಸಲ ಹೋಗಿ ತರಬಹುದಲ್ವೇನೇ ಪುಟ್ಟಿ?"

"ಅರಣ್ಯದವರ ಪರ್ಮಿಶನ್‌ಗೆ ಒಂದು ವರ್ಷ ಬೇಕು. ಹಿಮ ಕರಗಿದ ಮೇಲೆ ಮಾತ್ರ ದಾರಿ. ನನ್ನ ಟೈಮ್ ಮುಗಿದುಹೋಗುತ್ತೆ." ಆಮೇಲೆ ತುಂಬಾ ಸಣ್ಣಗೆ ಹೇಳಿದಳು: "ಎಲ್ಲಕ್ಕಿಂತ ಹಳೇ ಮರದ್ದು ಇವೇ."

ನೂರಾರು ವರ್ಷ ಹಿಮದಲ್ಲಿ ನಿಂತ ಮರ ಏನೂ ಆಗದೆ ಉಳಿದಿತ್ತು. ನಮ್ಮ ಮನೆಯ ಟೆರೇಸಿಗೆ ಬಂದು ಅರ್ಧ ದಿನದಲ್ಲಿ ಕೆಟ್ಟಿತು. ಮಾಡಿದವಳು ಬೇರೆ ಯಾರೂ ಅಲ್ಲ, ಅವಳ ಅಜ್ಜಿ.

ಅವಳಿಗೆ ಕಲಿಸುವ ಮೇಡಂ ಒಬ್ಬರಿದ್ದಾರೆ, ಬಂಗಾಳದವರು. ಫೋನಿನಲ್ಲಿ ಅಳುತ್ತಾ ಅವರಿಗೆ ಎಲ್ಲ ಹೇಳಿದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಫೋನಿಟ್ಟವಳು ಮೂಗೊರೆಸಿಕೊಂಡು, "ಹಬೆ ಹಿಡಿಸಿದ್ರೆ ಮರ ಮೆತ್ತಗಾಗುತ್ತಂತೆ. ಬಿಸಿ ಆರೋದ್ರೊಳಗೆ ಬೆರಳಲ್ಲಿ ಉಲ್ಟಾ ತಿರುಗಿಸಿ ನೇರ ಮಾಡ್ಬೇಕಂತೆ. ಹಾಗೆ ಮಾಡೋರು ಇದ್ದಾರಂತೆ" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ಅಜ್ಜಿ, ಹಬೆ!"

ಹಬೆ ಎಂದರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಡ್ಲಿ ಪಾತ್ರೆ ಇಳಿಸಿದೆ. ಕಡ್ಡಿ ಪಾತ್ರೆಗಿಂತ ಉದ್ದ, ಒಳಗೆ ಹಿಡಿಸಲಿಲ್ಲ. ಪಾತ್ರೆಯ ಬಾಯಿಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿ, ಕಡ್ಡಿಯನ್ನು ಅದರ ಮೇಲೆ ಅಡ್ಡ ಮಲಗಿಸಿ, ಮೇಲೊಂದು ಬಟ್ಟಲು ಬೋರಲು ಹಾಕಿದೆ. ನಡುವೆ ಹಬೆ ಹಿಡಿದ ಮೇಲೆ ಸ್ವಲ್ಪ ಸರಿಸುವುದು, ಮತ್ತೆ ಮುಚ್ಚುವುದು. ಮೊದಲು ಅವಳು, ಹಾಳಾದರೂ ಚಿಂತೆಯಿಲ್ಲ ಎಂಬಂಥ ಒಂದು ಚೂರನ್ನು ಹಬೆಗೆ ಕೊಟ್ಟು ನೋಡಿದಳು. ತಿರುಗಿಸಲು ಹೋದವಳು ಬಿಸಿ ತಾಳದೆ ಕೈಬಿಟ್ಟಳು.

"ಕೊಡಿಲ್ಲಿ" ಎಂದೆ. ಹೊಸೆದು ಹೊಸೆದು ಸವೆದ ಬೆರಳು ನನ್ನವು. ಬತ್ತಿ ಹೊಸೆದಿದ್ದೇನೆ, ಶಾವಿಗೆ ಹೊಸೆದಿದ್ದೇನೆ. ಒತ್ತಬಾರದು, ಎಳೆಯಬಾರದು. ಅದು ಎಷ್ಟು ಬರುತ್ತದೋ ಅಷ್ಟಕ್ಕೆ ಅದರ ಜೊತೆಯಲ್ಲೇ ಹೋಗಬೇಕು. ಕಡ್ಡಿ ಮೆಲ್ಲಗೆ ಬಿಚ್ಚಿಕೊಂಡಿತು. ಅವಳು ತಕ್ಷಣ ಅದನ್ನು ತನ್ನ ಹತ್ತಿರವಿದ್ದ, ಉದ್ದಕ್ಕೆ ತೋಡು ಕೊರೆದ ಮರದ ಪಟ್ಟಿಯೊಳಗೆ ಕೂರಿಸಿದಳು, ನಾನು ಹೂ ಕಟ್ಟುವ ದಾರದಿಂದ ಸುತ್ತಿ ಬಿಗಿದೆ. ಹಾಗೇ ಒಂದೊಂದಾಗಿ, ಎರಡು ದಿನ. ಅಡುಗೆಮನೆಯಲ್ಲಿ ಕಾಡಿನ ವಾಸನೆ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಚಟ್ನಿಗೆ ಕಾಯಿ ತುರೀಲೇನು?" ಎಂದರು. ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿ ಅವರನ್ನು ಹೊರಗಟ್ಟಿದೆವು.

ಮೂರು ತುಂಡಾದದ್ದು ಮಾತ್ರ ನಡುವೆ ಪುಡಿಯಾಗಿತ್ತು, ಸೇರಲಿಲ್ಲ. ಉಳಿದವು ನಿಂತವು. ಆದರೆ ನಿಂತದ್ದನ್ನು ಪರೀಕ್ಷೆ ಮಾಡುವವರು ಒಪ್ಪಬೇಕಲ್ಲ? ಕೆಟ್ಟು ರಿಪೇರಿಯಾದ ಕಡ್ಡಿಯ ಮೇಲೆ ಕಟ್ಟಿದ ಓದು ನಿಲ್ಲುತ್ತದೆಯೇ? ಇಬ್ಬರ ಒಳಗೂ ಆ ಮಾತು ಇತ್ತು.

ಮರಳುಕಾಗದದಲ್ಲಿ ಉಜ್ಜಿ ಉಜ್ಜಿ ಕಡ್ಡಿ ಕನ್ನಡಿಯಂತಾದ ಮೇಲೆ ನನ್ನನ್ನು ತನ್ನ ಲ್ಯಾಬಿಗೆ ಕರೆದುಕೊಂಡು ಹೋದಳು. ಯಂತ್ರದಲ್ಲಿ ಕಣ್ಣಿಟ್ಟು ನೋಡಿದೆ. ಅಬ್ಬಾ, ಜರಿ ಸೀರೆಯ ಸೆರಗಿನ ಹಾಗೆ ಗೆರೆ ಗೆರೆ! ಒಂದು ಕಡೆ ಮಾತ್ರ ಕೆಲವು ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು.

"ಇಲ್ಲಿ ಮರಕ್ಕೆ ಹೊಟ್ಟೆಗಿಲ್ಲ" ಎಂದೆ.

"ವಾಹ್ ಅಜ್ಜಿ!" ಎಂದು ತಬ್ಬಿಕೊಂಡಳು. "ಅದೇ ನನ್ನ ಥೀಸಿಸ್! ಅಷ್ಟು ವರ್ಷ ಬೇಸಿಗೇನೇ ಬೆಚ್ಚಗಾಗಲಿಲ್ಲ."

ಆ ಕಾಡಿನ ಕೆಳಗೊಂದು ಹಳ್ಳಿ. ಅಲ್ಲಿನವರ ಮುತ್ತಜ್ಜಂದಿರು ಹಿಂದೆ ಇನ್ನೂ ಮೇಲಿನ ಊರಿನಲ್ಲಿದ್ದರಂತೆ. ಈಗ ಅಲ್ಲಿ ಗೋಡೆಗಳ ಕಲ್ಲು ಮಾತ್ರ. ಯಾಕೆ ಇಳಿದುಬಂದಿರಿ ಎಂದು ಇವಳು ಕೇಳಿದರೆ, ಹಳ್ಳಿಯ ಮುದುಕಿಯೊಬ್ಬಳು, "ಜವೆಗೋಧಿ ಹಾಲು ತುಂಬಲಿಲ್ಲವಂತೆ, ಹಸಿರಾಗೇ ಹಿಮದಡಿ ಮಲಗಿತಂತೆ. ನಮ್ಮತ್ತೆ ಹೇಳುತ್ತಿದ್ದರು" ಎಂದಳಂತೆ. ಕೆಳಗಿನ ಊರಿನ ಹಳೆಯ ಮನೆಗಳ ತೊಲೆಗಳಲ್ಲೂ ಸುತ್ತುಗಳಿರುತ್ತವೆ. ಕೊನೆಯ ಸುತ್ತು ನೋಡಿದರೆ ಆ ಮರ ಕಡಿದ ವರ್ಷ ತಿಳಿಯುತ್ತದೆ. ಹಳೆಯ ತೊಲೆಗಳೆಲ್ಲ ಆ ಹಸಿದ ಗೆರೆಗಳ ವರ್ಷಗಳ ಆಸುಪಾಸಿನಲ್ಲೇ ಕಡಿದಂಥವು. ಹೆಸರೂ ಉಳಿಯದ ಜನ ಮನೆ ಹೊತ್ತು ಗುಡ್ಡ ಇಳಿದದ್ದನ್ನು ನನ್ನ ಮೊಮ್ಮಗಳು ಒಂದು ಕಡ್ಡಿಯಲ್ಲಿ ಓದಿದಳು. ಅಕ್ಷರ ಓದಲು ಬೆರಳಿಟ್ಟು ಸಾಗುವ ನಾನು ಇಂಥವಳ ಅಜ್ಜಿ!

ಗುರುವಾರ ಬಂತು. ಅವಳು ಎಲ್ಲರೆದುರು ನಿಂತು ಹೇಳಬೇಕು, ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ, ಯಾರು ಬೇಕಾದರೂ ಕೂತು ನೋಡಬಹುದು. ಸೊಸೆ ರಜೆ ಹಾಕಿದಳು. ನಾವು ಮೂವರೂ ಹಿಂದಿನ ಸಾಲಿನಲ್ಲಿ ಕೂತೆವು. ಹುಡುಗಿ ನನ್ನ ಹಳೆಯ ಇಳಕಲ್ ಸೀರೆ ಉಟ್ಟಿದ್ದಳು. ಮಾತೆಲ್ಲ ಇಂಗ್ಲಿಷಿನಲ್ಲಿ. ಸೊಸೆ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು.

ಗೋಡೆಯ ಮೇಲೆ ಕಡ್ಡಿಗಳ ಫೋಟೋ ಬಂತು. ಮಫ್ಲರ್ ಸುತ್ತಿದ ಹಿರಿಯ ಪರೀಕ್ಷಕರು ಕೈಯೆತ್ತಿದರು.

"ಈ ಮಾದರಿಗಳಲ್ಲಿ ಬಿರುಕಿದೆ. ತಿರುಚಿದ ಗುರುತೂ ಇದೆ. ಯಾಕೆ?"

ಸೊಸೆ ಕನ್ನಡ ಮಾಡುವ ಮೊದಲೇ ನನಗೆ ಅರ್ಥವಾಯಿತು. ನಮ್ಮ ಮನೆಯವರ ಕೈ ಹಿಡಿದುಕೊಂಡೆ.

ಹುಡುಗಿ ತಡವರಿಸಲಿಲ್ಲ. "ಥೀಸಿಸ್‌ನಲ್ಲಿ ಬರೆದಿದ್ದೇನೆ, ಸರ್. ತಪ್ಪಿನಿಂದ ಬಿಸಿಲಿನಲ್ಲಿ ಒಣಗಿದವು. ಹಬೆ ಹಿಡಿಸಿ ನೇರ ಮಾಡಿದೆವು. ಹಬೆಯಿಂದ ಸುತ್ತಿನ ಅಳತೆ ಬದಲಾಗುತ್ತದೆಯೇ ಎಂದು ನೋಡಲು ಬೇರೆ ಕಡ್ಡಿಗಳನ್ನು ಅಳೆದು, ಹಬೆ ಕೊಟ್ಟು, ಒಣಗಿಸಿ ಮತ್ತೆ ಅಳೆದೆ. ಬದಲಾದಂತೆ ಕಾಣಲಿಲ್ಲ. ಪುಡಿಯಾದ ಕಡ್ಡಿಯನ್ನು ಲೆಕ್ಕಕ್ಕೆ ಸೇರಿಸಿಲ್ಲ."

ಅಷ್ಟೆಲ್ಲ ಮಾಡಿದ್ದು ನನಗೇ ಗೊತ್ತಿರಲಿಲ್ಲ. ನನ್ನ ತಪ್ಪನ್ನು ಅವಳು ಎಲ್ಲೂ ಅಡಗಿಸಿಟ್ಟಿರಲಿಲ್ಲ. ಅದರ ಮೇಲೆ ಬೇರೆ ಕೆಲಸವನ್ನೇ ಮಾಡಿದ್ದಳು.

"ಹಬೆ ಕೊಟ್ಟವರು ಯಾರು?"

"ನನ್ನ ಅಜ್ಜಿ, ಸರ್. ಬಿಸಿಲಿಗೆ ಹಾಕಿದ್ದೂ ಅವರೇ. ಅಲ್ಲಿ ಕೂತಿದ್ದಾರೆ."

ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಖ ಎಲ್ಲಿಡಲಿ? ಪರೀಕ್ಷಕರು ಕನ್ನಡಕ ಮೇಲೇರಿಸಿ ಹಿಂದಿಯಲ್ಲಿ, "ಮಾತಾಜೀ, ಎಷ್ಟು ಹೊತ್ತು ಹಬೆ ಕೊಟ್ಟಿರಿ?" ಎಂದು ಕೇಳಿದರು.

ಎದ್ದು ನಿಂತೆ. "ಇಡ್ಲಿ ಸೇ ಕಮ್, ಸಾಬ್" ಎಂದುಬಿಟ್ಟೆ. ಇಡ್ಲಿಗಿಂತ ಕಡಿಮೆ ಹೊತ್ತು. ಬೇರೆ ಏನು ಹೇಳಲಿ, ಇದ್ದದ್ದೇ ಅದು!

ಎಲ್ಲರೂ ನಕ್ಕರು. ಆ ಪರೀಕ್ಷಕರು ನಗುತ್ತಲೇ ಏನೋ ಬರೆದುಕೊಂಡರು. ನನಗೆ ನಗು ಬರಲಿಲ್ಲ, ಯಾಕೆಂದರೆ ಅವರು ಮತ್ತೆ ಹುಡುಗಿಯ ಕಡೆ ತಿರುಗಿದ್ದರು.

"ಹಾಗಾದರೆ ಆ ಜನ ಚಳಿಯಿಂದಲೇ ಊರು ಬಿಟ್ಟರು ಎನ್ನುತ್ತೀಯಾ?"

"ಅಷ್ಟು ಹೇಳಲಾರೆ, ಸರ್" ಎಂದಳು. ಹೂಂ ಅನ್ನಬಾರದೇ ಈ ಹುಡುಗಿ? ಅವಳು ನಿಧಾನವಾಗಿ ಮುಂದುವರಿಸಿದಳು: "ಎಷ್ಟು ಚಳಿಯಿತ್ತೆಂದು ಮರ ಹೇಳುತ್ತದೆ. ಮನೆ ಯಾವಾಗ ಕಟ್ಟಿದರೆಂದು ತೊಲೆ ಹೇಳುತ್ತದೆ. ಪಕ್ಕದ ಕಣಿವೆಯಲ್ಲೂ ಅದೇ ಚಳಿಯಿತ್ತು, ಅಲ್ಲಿನವರು ಊರು ಬಿಡಲಿಲ್ಲ. ಅವರಿಗೆ ಕೆಳಗೂ ಹೊಲಗಳಿದ್ದವು. ಚಳಿ ಎಲ್ಲರನ್ನೂ ತಳ್ಳಿತು. ಹೋಗುವುದೋ ನಿಲ್ಲುವುದೋ ಎಂಬುದನ್ನು ಜನ ತಮ್ಮ ತಮ್ಮ ಮನೆಯ ಸ್ಥಿತಿ ನೋಡಿ ತೀರ್ಮಾನಿಸಿದರು."

ಪರೀಕ್ಷಕರು ಪುಟ ತಿರುವಿದರು.

ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ಒಂದು ಬೆಂಚು. ಹುಡುಗಿ ನನ್ನ ಪಕ್ಕ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನನ್ನಿಂದ ಏನಾದ್ರೂ ಆದ್ರೆ ಕ್ಷಮಿಸ್ತೀಯಾ ಪುಟ್ಟಿ?" ಎಂದು ಕೇಳಿದೆ. ಎರಡೂವರೆ ವರ್ಷದಲ್ಲಿ ಮೊದಲ ಸಲ ಕೇಳಿದ್ದು.

"ಅಜ್ಜಿ, ಬೂಷ್ಟು ಹಿಡಿದಿತ್ತು ಗೊತ್ತಾ? ಗಾಳಿಯಾಡೋಕೆ ಪ್ಲಾಸ್ಟಿಕ್ ಸ್ಟ್ರಾಗೆ ತೂತು ಮಾಡೋದು ನಾನೇ ಮರೆತಿದ್ದೆ. ಹಾಗೇ ಬಿಟ್ಟಿದ್ರೆ ಸೋಮವಾರದ ಹೊತ್ತಿಗೆ ಅದೂ ಹಾಳೇ. ಮೇಡಂ ಅವತ್ತು ಫೋನಲ್ಲಿ ಬೈದಿದ್ದು ನನಗೆ, ನಿನಗಲ್ಲ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲವೇ, ಕಳ್ಳಿ?"

"ನಾಚಿಕೆ ಆಯ್ತು."

ನಾನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಬಂಗಾಳದ ಮೇಡಂ ಹೊರಗೆ ಬಂದು, ಅವಳ ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರಿಸಿ ಕರೆದರು. ಸೊಸೆ ಅತ್ತುಬಿಟ್ಟಳು. ನಮ್ಮ ಮನೆಯವರು ಕರವಸ್ತ್ರ ಹುಡುಕಿ ಹುಡುಕಿ ಸಿಗದೆ ಮಂಕಿ ಟೋಪಿಯಲ್ಲೇ ಕಣ್ಣೊರೆಸಿಕೊಂಡರು. ಮಫ್ಲರಿನ ಪರೀಕ್ಷಕರು ಹೋಗುವಾಗ ನನ್ನ ಮುಂದೆ ನಿಂತು, "ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ವಿದ್ಯಾರ್ಥಿ ಕಡಿಮೆ, ಮಾತಾಜೀ. ಚೆನ್ನಾಗಿ ಬೆಳೆಸಿದ್ದೀರಿ" ಎಂದರು. ಆ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೇ ಬಂದೆ. ಮೆಟ್ರೋದಲ್ಲಿ ಜಾಗ ಬಿಟ್ಟುಕೊಟ್ಟ ಹುಡುಗಿಗೂ ಹೇಳಿದೆ.

ಮನೆಗೆ ಬಂದು ಹೋಳಿಗೆ ಮಾಡುತ್ತೇನೆಂದರೆ, ಡಾಕ್ಟರಮ್ಮನಿಗೆ ರಾಜ್ಮಾ ಚಾವಲ್ ಬೇಕಂತೆ! ಎರಡನ್ನೂ ಮಾಡಿದೆವು. ಮಗ ನೋಯ್ಡಾದಿಂದ ಬೇಗ ಬಂದ. ಮೇಜಿಗೆ ನಾಲ್ಕೇ ಕುರ್ಚಿ. ಹುಡುಗಿ ಹಾಲಿನಲ್ಲಿ ಚಾಪೆ ಹಾಸಿ ಐದು ತಟ್ಟೆ ಇಟ್ಟಳು.

"ನೀವು ಕೂತ್ಕೊಳ್ಳಿ, ನಾನು ಬಡಿಸಿ ಆಮೇಲೆ..." ಎನ್ನುತ್ತಿದ್ದ ಹಾಗೆ ನನ್ನ ಕೈಯ ಸೌಟನ್ನು ಕಿತ್ತುಕೊಂಡು ತಾತನ ಕೈಗೆ ಕೊಟ್ಟಳು.

"ಇವತ್ತು ತಾತ ಬಡಿಸ್ತಾರೆ. ಚಲೋ ತಾತ!"

ಮದುವೆಯಾದಂದಿನಿಂದ ಆ ಮನುಷ್ಯ ಸೌಟು ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಸೊಂಟ ಬಗ್ಗಿಸಿ, "ಸಾಕೋ ಬೇಕೋ ಬೇಗ ಹೇಳಿ" ಎಂದು ಗದರುತ್ತಾ, ಮೊದಲು ನನ್ನ ತಟ್ಟೆಗೆ ರಾಜ್ಮಾ ಹಾಕಿದರು. ಅರ್ಧ ಚಾಪೆಗೂ ಬಿತ್ತು. ಹೋಳಿಗೆಯ ಮೇಲೆ ತುಪ್ಪ ಸುರಿದದ್ದೂ ಧಾರಾಳವಾಗಿಯೇ.

"ಅಪ್ಪಾ, ನನಗೆ ಅನ್ನ" ಎಂದ ಮಗ.

"ಸರದಿ ಬರಲಿ. ಮೊದಲು ಡಾಕ್ಟರು."

ಕೊನೆಗೆ ಅವರೂ ನನ್ನ ಪಕ್ಕಕ್ಕೆ ಬಂದು ಉಸ್ಸೆಂದು ಕೂತರು. ಐವರ ಮೊಣಕೈಗಳೂ ಒಂದಕ್ಕೊಂದು ತಗಲುತ್ತಿದ್ದವು. ಹುಡುಗಿ ಬಾಯಿತುಂಬ ಅನ್ನವಿಟ್ಟುಕೊಂಡೇ ಆ ಗುಡ್ಡದ ಮುದುಕಿಯ ಕಥೆಯನ್ನು ತನ್ನ ಅಪ್ಪನಿಗೆ ಮೊದಲಿನಿಂದ ಹೇಳಲು ಶುರುಮಾಡಿದಳು. ನಾವೆಲ್ಲ ಊಟ ಮಾಡುತ್ತಾ ಕೇಳಿದೆವು.